ನಿಲ್ ಎಂಬ ಊರು

ಆಸ್ಟ್ರೇಲಿಯದ ಭೂಪಟದಲ್ಲಿ ಮೆಲ್ಬೋರ್ನ್ ನಗರದಿಂದ ಅಡಿಲೇಡ್ ನಗರಕ್ಕೆ ಒಂದು ಗೆರೆ ಎಳೆದು, ಅದರ ನಟ್ಟನಡುವೆ ಬೆರಳಿಟ್ಟರೆ ಅಲ್ಲಿ ಒಂದು ಸಣ್ಣ ಊರು ಸಿಕ್ಕುತ್ತದೆ. ಅದರ ಹೆಸರು ನಿಲ್. ಇಂಗ್ಲಿಷ್ ಬಲ್ಲವರ ಕಿವಿಗೆ ಈ ಹೆಸರು ಸೊನ್ನೆ ಎಂದು ಕೇಳಿಸುತ್ತದೆ. ಕನ್ನಡದ ಕಿವಿಗೆ ನಿಂತುಕೋ ಎಂದು ಕೇಳಿಸುತ್ತದೆ. ಊರಿನ ಹೆಸರಿಗೆ ಈ ಎರಡು ಅರ್ಥಗಳೂ ಸಲ್ಲವು. ಅದು ಆ ನೆಲದ ಮೂಲನಿವಾಸಿಗಳ ಮಾತು. ನೀರಿನ ಮೇಲೆ ಏಳುವ ಬಿಳಿಯ ಮಂಜು ಎಂದು ಕೆಲವರೂ, ಆತ್ಮಗಳ ನೆಲೆ ಎಂದು ಕೆಲವರೂ ಅದಕ್ಕೆ ಅರ್ಥ ಹೇಳುತ್ತಾರೆ. ಆದರೂ ಈ ಊರಿನ ಚರಿತ್ರೆಯನ್ನು ನೋಡುವಾಗ ಆಕಸ್ಮಿಕವಾಗಿ ಒದಗಿದ ಆ ಎರಡು ಅರ್ಥಗಳೇ ಮತ್ತೆ ಮತ್ತೆ ನೆನಪಾಗುತ್ತವೆ. ಊರು ಸೊನ್ನೆಯಾಗುವುದೋ, ನಿಲ್ಲುವುದೋ? ಆಸ್ಟ್ರೇಲಿಯದ ನೂರಾರು ಹಳ್ಳಿಪಟ್ಟಣಗಳು ಕಳೆದ ಶತಮಾನದಿಂದ ಎದುರಿಸುತ್ತಿರುವ ಪ್ರಶ್ನೆ ಇದೇ.

ಜನಸಂಖ್ಯೆ ಎಂದೊಡನೆ ನಮ್ಮಲ್ಲಿ ಏರಿಕೆಯ ಮಾತೇ ಬರುತ್ತದೆ. ಆದರೆ ಇಳಿಕೆಗೂ ಒಂದು ಚರಿತ್ರೆಯುಂಟು. ಅದು ಯುದ್ಧ, ಪಿಡುಗು, ಕ್ಷಾಮಗಳಿಂದಲೇ ಆಗಬೇಕೆಂದಿಲ್ಲ. ಬೆಳೆ ಸಮೃದ್ಧವಾಗಿ ಬರುತ್ತಿರುವಾಗಲೇ, ಕಣಜಗಳು ತುಂಬುತ್ತಿರುವಾಗಲೇ ಊರು ಬರಿದಾಗಬಲ್ಲದು. ಅದಕ್ಕಿಂತ ವಿಚಿತ್ರವಾದ ಸಂಗತಿಯೂ ಒಂದಿದೆ. ಜನ ಕಡಿಮೆಯಾಗುತ್ತಿರುವ ಊರಿನಲ್ಲೇ ವಾಸಕ್ಕೆ ಮನೆ ಸಿಕ್ಕದಿರುವುದೂ ಸಾಧ್ಯ. ಇದು ಹೇಗಾಗುತ್ತದೆ ಎಂಬುದನ್ನು ಈ ಒಂದು ಊರಿನ ಮೂಲಕ ನೋಡೋಣ.

ನಿಲ್ ಇರುವುದು ವಿಕ್ಟೋರಿಯ ರಾಜ್ಯದ ಪಶ್ಚಿಮ ಭಾಗದಲ್ಲಿ, ವಿಮ್ಮೆರ ಎಂಬ ಬಯಲು ನಾಡಿನಲ್ಲಿ. ಮೆಲ್ಬೋರ್ನಿನಿಂದ ಅದು ಸುಮಾರು 370 ಕಿಲೋಮೀಟರು ದೂರ. ವರ್ಷಕ್ಕೆ ಬೀಳುವ ಮಳೆ 400 ಮಿಲಿಮೀಟರಿನ ಆಸುಪಾಸು. ಅದರಲ್ಲಿ ಹೆಚ್ಚಿನದು ಚಳಿಗಾಲದಲ್ಲಿ. ಈ ಮಳೆಯನ್ನು ನಂಬಿ ಗೋಧಿ ಬಿತ್ತುತ್ತಾರೆ. ಬಯಲುಸೀಮೆಯ ನಮ್ಮ ರೈತರಿಗೆ ಮುಗಿಲು ನೋಡಿ ಬಿತ್ತುವ ಈ ಬದುಕನ್ನು ವಿವರಿಸಿ ಹೇಳಬೇಕಾಗಿಲ್ಲ. ನಿಲ್ ಊರಿನ ಜನಸಂಖ್ಯೆ ಇಂದು ಸುಮಾರು 2,000. ಅದು ಹಿಂಡ್‌ಮಾರ್ಷ್ ಎಂಬ ಸ್ಥಳೀಯ ಆಡಳಿತ ವಿಭಾಗದ ಮುಖ್ಯಸ್ಥಳ. ಆ ವಿಭಾಗದ ವಿಸ್ತೀರ್ಣ ಸುಮಾರು 7,500 ಚದರ ಕಿಲೋಮೀಟರು. 2021ರ ಜನಗಣತಿಯಲ್ಲಿ ಅಲ್ಲಿದ್ದ ಜನ ಸುಮಾರು 5,700. ಒಂದು ಚದರ ಕಿಲೋಮೀಟರಿಗೆ ಒಬ್ಬ ಮನುಷ್ಯ ಎಂದು ಲೆಕ್ಕ ಹಾಕಿದರೂ ಆ ಒಬ್ಬನು ಪೂರ್ತಿಯಾಗಿ ಒದಗುವುದಿಲ್ಲ.

ಆದರೆ ಈ ಬಯಲು ಯಾರೂ ಇಲ್ಲದೆ ಬಿದ್ದಿದ್ದ ಬೀಡು ನೆಲವಲ್ಲ. ಬಿಳಿಯರು ಬರುವ ಮೊದಲು ವೊಟ್ಜೊಬಲುಕ್ ಮೊದಲಾದ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಇಲ್ಲಿ ಬಾಳಿದ್ದರು. 1840ರ ದಶಕದಲ್ಲಿ ಕುರಿಮಂದೆಗಳೊಡನೆ ಬಂದ ಬಿಳಿಯರು ಸಾವಿರಗಟ್ಟಲೆ ಎಕರೆಗಳ ಕುರಿಗಾವಲುಗಳನ್ನು ತಮ್ಮದೆಂದು ಗುರುತಿಸಿಕೊಂಡರು. ನೀರಿನ ತಾಣಗಳು ಕುರಿಗಳ ಪಾಲಾದವು. ರೋಗಗಳೂ ಹಿಂಸೆಯೂ ಮೂಲನಿವಾಸಿಗಳ ಸಂಖ್ಯೆಯನ್ನು ಕುಗ್ಗಿಸಿದವು. ಅಳಿದುಳಿದವರಿಗಾಗಿ ಜರ್ಮನ್ ಮೊರೇವಿಯನ್ ಪಾದ್ರಿಗಳು 1859ರಲ್ಲಿ ವಿಮ್ಮೆರ ನದಿಯ ಬಳಿ ಎಬೆನೀಜರ್ ಎಂಬ ನೆಲೆಯನ್ನು ಕಟ್ಟಿದರು. 1904ರಲ್ಲಿ ಅದೂ ಮುಚ್ಚಿತು. ಈ ಜನಗಳಿಗೆ ತಮ್ಮ ನೆಲದ ಮೇಲೆ ಪರಂಪರೆಯ ಹಕ್ಕಿದೆಯೆಂದು ನ್ಯಾಯಾಲಯ ಒಪ್ಪಿದ್ದು 2005ರಲ್ಲಿ. ವಿಕ್ಟೋರಿಯ ರಾಜ್ಯದಲ್ಲಿ ಅಂಥ ತೀರ್ಪು ಅದೇ ಮೊದಲನೆಯದು. ಆದ್ದರಿಂದ ಈ ನಾಡಿನಲ್ಲಿ ಜನ ಕರಗಿದ ಚರಿತ್ರೆ ಊರು ಹುಟ್ಟಿದ ಮೇಲೆ ಆರಂಭವಾದುದಲ್ಲ. ಊರು ಹುಟ್ಟುವ ಮೊದಲೇ ಒಂದು ಸುತ್ತು ಮುಗಿದಿತ್ತು.

ಊರು ಹುಟ್ಟಿದ್ದು ಒಂದು ಕಾನೂನಿನಿಂದ. 1850ರ ದಶಕದ ಚಿನ್ನದ ಹುಚ್ಚು ಇಳಿದಾಗ ವಿಕ್ಟೋರಿಯದಲ್ಲಿ ಕೆಲಸವಿಲ್ಲದ ಕೈಗಳು ತುಂಬಿಕೊಂಡವು. ದೊಡ್ಡ ಕುರಿಗಾವಲುಗಳನ್ನು ಒಡೆದು ಸಣ್ಣ ಒಕ್ಕಲುಗಳಿಗೆ ಕೊಡಬೇಕೆಂಬ ಕೂಗು ಎದ್ದಿತು. 1869ರ ಭೂಕಾಯಿದೆಯಂತೆ ಒಬ್ಬನು 320 ಎಕರೆಯವರೆಗೆ ಸರ್ಕಾರಿ ನೆಲವನ್ನು ಆಯ್ದುಕೊಳ್ಳಬಹುದಾಗಿತ್ತು. ಆದರೆ ಕೆಲವು ಕಟ್ಟುಪಾಡುಗಳಿದ್ದವು. ಅವನು ಆ ನೆಲದಲ್ಲೇ ವಾಸ ಮಾಡಬೇಕು. ಸುತ್ತ ಬೇಲಿ ಹಾಕಬೇಕು. ಹತ್ತರಲ್ಲೊಂದು ಪಾಲನ್ನಾದರೂ ಉಳಬೇಕು. ಮೂರು ವರ್ಷಗಳೊಳಗೆ ಎಕರೆಗೆ ಒಂದು ಪೌಂಡಿನಷ್ಟು ಬೆಲೆಯ ಸುಧಾರಣೆ ಮಾಡಿ ತೋರಿಸಬೇಕು. ಮೊದಲನೆಯ ಕಟ್ಟುಪಾಡನ್ನು ಗಮನಿಸಬೇಕು. ಮನೆ ಮಾಡಿದವನಿಗೇ ನೆಲ ಎಂದು ಕಾಯಿದೆ ಹೇಳಿತು. ಮನೆ ಮತ್ತು ಹೊಲ ಒಂದಕ್ಕೊಂದು ಅಂಟಿಕೊಂಡೇ ಹುಟ್ಟಿದವು. ಮುಂದಿನ ನೂರು ವರ್ಷಗಳ ಕಥೆಯೆಂದರೆ ಈ ಅಂಟು ಬಿಟ್ಟ ಕಥೆ.

1870ರ ದಶಕದಲ್ಲಿ ಒಕ್ಕಲುಗಳು ಎತ್ತಿನ ಬಂಡಿಗಳಲ್ಲೂ ಕುದುರೆ ಗಾಡಿಗಳಲ್ಲೂ ವಿಮ್ಮೆರ ಬಯಲಿಗೆ ಬಂದರು. ದಕ್ಷಿಣ ಆಸ್ಟ್ರೇಲಿಯದಿಂದ ಬಂದ ಜರ್ಮನ್ ಲೂಥರನ್ ಕುಟುಂಬಗಳೂ ಅವರಲ್ಲಿ ಅನೇಕ. 1880ರ ಸುಮಾರಿಗೆ ಒಂದು ಹಿಟ್ಟಿನ ಗಿರಣಿ ಎದ್ದಿತು. ಗಿರಣಿಯ ಸುತ್ತ ನಿಲ್ ಊರು ಬೆಳೆಯಿತು. 1887ರಲ್ಲಿ ಮೆಲ್ಬೋರ್ನ್ ಮತ್ತು ಅಡಿಲೇಡ್ ರೈಲುದಾರಿಗಳು ಒಂದನ್ನೊಂದು ಕೂಡಿದಾಗ ಈ ಊರು ಎರಡು ರಾಜಧಾನಿಗಳ ನಡುವಿನ ಹೆದ್ದಾರಿಯ ಮೇಲೆ ಬಂದು ನಿಂತಿತು. 1892ರಲ್ಲೇ ಅಲ್ಲಿ ವಿದ್ಯುದ್ದೀಪ ಬೆಳಗಿತು. ಮೆಲ್ಬೋರ್ನ್ ಬಿಟ್ಟರೆ ರಾಜ್ಯದಲ್ಲಿ ತಮ್ಮದೇ ಮೊದಲು ಎಂದು ಊರಿನವರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಈಗ ಒಂದು ಸಣ್ಣ ಲೆಕ್ಕ. 320 ಎಕರೆ ಎಂದರೆ ಅರ್ಧ ಚದರ ಮೈಲಿ. ಕಾಯಿದೆಯಂತೆ ಅರ್ಧ ಚದರ ಮೈಲಿಗೆ ಒಂದು ಮನೆ, ಒಂದು ಸಂಸಾರ. ಅಂದಿನ ಸಂಸಾರಗಳೂ ದೊಡ್ಡವು. ಅಷ್ಟು ನೆಲವನ್ನು ಕುದುರೆ ಕಟ್ಟಿ ಉಳಲು, ಕೊಯ್ಯಲು, ಗೋಣಿಚೀಲಗಳಿಗೆ ತುಂಬಿ ಹೊಲಿಯಲು ಕೈಗಳು ಬೇಕು. ತುಂಬಿದ ಗಾಡಿ ಹೊಲದಿಂದ ರೈಲು ನಿಲ್ದಾಣಕ್ಕೆ ಹೋಗಿ ಸಂಜೆಯೊಳಗೆ ಹಿಂತಿರುಗಬೇಕು. ಹಾಗಾಗಿ ಕುದುರೆಯ ಒಂದು ದಿನದ ನಡಿಗೆಯನ್ನು ಅಳತೆಗೋಲಾಗಿ ಇಟ್ಟುಕೊಂಡು ರೈಲುದಾರಿಯ ಉದ್ದಕ್ಕೂ ಊರುಗಳು ಎದ್ದವು. ಪ್ರತಿಯೊಂದು ಊರಿನಲ್ಲೂ ಕಮ್ಮಾರ, ಜೀನು ಹೊಲಿಯುವವ, ರೊಟ್ಟಿ ಬೇಯಿಸುವವ, ಹೋಟೆಲು, ಚರ್ಚು, ಶಾಲೆ, ಬ್ಯಾಂಕು. ಹೊಲದ ಮನೆಗಳು ಊರಿನ ಅಂಗಡಿಗಳನ್ನು ಸಾಕಿದವು. ಅಂಗಡಿಗಳು ಊರಿನ ಮನೆಗಳನ್ನು ಸಾಕಿದವು.

ಆ ಕಾಲದ ಹಾದಿಗಳಲ್ಲಿ ನಮ್ಮ ದೇಶದವರ ಹೆಜ್ಜೆಗಳೂ ಇದ್ದವೆಂಬುದನ್ನು ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಪಂಜಾಬು ಮೊದಲಾದ ಕಡೆಗಳಿಂದ ಹೋದ ಭಾರತೀಯ ವ್ಯಾಪಾರಿಗಳು ವಿಕ್ಟೋರಿಯದ ಒಳನಾಡಿನಲ್ಲಿ ಬಟ್ಟೆ, ಸೂಜಿ, ನೂಲು, ಗುಂಡಿಗಳನ್ನು ಹೊತ್ತು ಒಕ್ಕಲುಮನೆಯಿಂದ ಒಕ್ಕಲುಮನೆಗೆ ತಿರುಗುತ್ತಿದ್ದರು. ಅಂಗಡಿ ದೂರವಿದ್ದ ಗೃಹಿಣಿಗೆ ಅವರ ಗಾಡಿಯೇ ಪೇಟೆ. ಆದರೆ 1901ರಲ್ಲಿ ಹೊಸ ಆಸ್ಟ್ರೇಲಿಯ ಒಕ್ಕೂಟ ಮಾಡಿದ ಮೊದಮೊದಲ ಕಾನೂನುಗಳಲ್ಲಿ ಒಂದು, ಬಿಳಿಯರಲ್ಲದವರು ಒಳಗೆ ಬಾರದಂತೆ ಬಾಗಿಲು ಹಾಕುವ ವಲಸೆ ನಿರ್ಬಂಧ ಕಾಯಿದೆ. ಬಾಗಿಲು ಪೂರ್ತಿಯಾಗಿ ತೆರೆಯಲು 1973ರವರೆಗೆ ಕಾಯಬೇಕಾಯಿತು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಅದೇ 1901ರಲ್ಲಿ, ಮನುಷ್ಯರಿಗೆ ಬಾಗಿಲು ಮುಚ್ಚಿದ ವರ್ಷವೇ, ಭಾರತದ ಒಂದು ಗೋಧಿಯ ರಕ್ತ ಆಸ್ಟ್ರೇಲಿಯದ ಹೊಲಗಳಿಗೆ ಹರಿಯಿತು. ವಿಲಿಯಂ ಫಾರರ್ ಎಂಬ ತಳಿತಜ್ಞ ಆ ವರ್ಷ ಬಿಡುಗಡೆ ಮಾಡಿದ ‘ಫೆಡರೇಷನ್’ ಗೋಧಿ ಆ ದೇಶದ ಬೇಸಾಯವನ್ನೇ ಬದಲಿಸಿತು. ಅದರ ವಂಶಾವಳಿಯಲ್ಲಿ ಇಟಾವಾ ಎಂಬ ಭಾರತೀಯ ತಳಿ ಇದೆ. ಬೇಗ ಮಾಗುವ, ಬರಕ್ಕೆ ಸೋಲದ ಗುಣ ಅದಕ್ಕೆ ಬಂದದ್ದರಲ್ಲಿ ಈ ಪೂರ್ವಜನ ಪಾಲೂ ಉಂಟು. ಕೆನಡ ಮತ್ತು ಭಾರತದ ಕಾಳುಗಳು ಕೂಡಿ ಆಸ್ಟ್ರೇಲಿಯದ ಒಣನೆಲಕ್ಕೆ ಒಗ್ಗುವ ಪೈರಾಯಿತು.

ಹಾಗೆಂದು ಒಕ್ಕಲುಗಳೆಲ್ಲ ಸುಖವಾಗಿದ್ದರೆಂದು ತಿಳಿಯಬಾರದು. 320 ಎಕರೆ ನಮಗೆ ಜಹಗೀರಿನಂತೆ ಕೇಳಿಸುತ್ತದೆ. ಆ ಮಳೆಯಲ್ಲಿ ಅದು ಒಂದು ಸಂಸಾರಕ್ಕೆ ಸಾಲದು. ಅನೇಕರು ಸಾಲಕ್ಕೆ ಸೋತು ನೆಲವನ್ನು ನೆರೆಯವನಿಗೆ ಮಾರಿ ನಡೆದರು. ಆಸ್ಟ್ರೇಲಿಯದ ಹೆಸರಾಂತ ಕವಿ ಜಾನ್ ಷಾ ನೀಲ್ಸನ್ ಅಂಥ ಒಂದು ಸಂಸಾರದ ಮಗ. 1889ರಲ್ಲಿ ಅವನ ಕುಟುಂಬ ನಿಲ್ ಕಡೆಗೆ ಬಂದಿತು. ಕವಿ ತನ್ನ ಬಾಳಿನ ಬಹುಭಾಗವನ್ನು ಕೂಲಿಗಾರನಾಗಿಯೇ ಕಳೆದನು. ಅವನು ಹುಟ್ಟಿದ ಗುಡಿಸಲು ದಕ್ಷಿಣ ಆಸ್ಟ್ರೇಲಿಯದ ಪೆನೋಲದಲ್ಲಿತ್ತು. ಅದನ್ನು ತಂದು ನಿಲ್ ಊರಿನಲ್ಲಿ ನಿಲ್ಲಿಸಿ ಸ್ಮಾರಕವಾಗಿ ಕಾಪಾಡಿದ್ದಾರೆ. ನೆಲೆಯಿಲ್ಲದೆ ಅಲೆದ ಕವಿಯ ಮನೆಯೂ ಕೊನೆಗೆ ವಲಸೆ ಬರಬೇಕಾಯಿತು.

ಇಪ್ಪತ್ತನೆಯ ಶತಮಾನದ ಯಂತ್ರಗಳು ಈ ಲೆಕ್ಕವನ್ನೆಲ್ಲ ತಿರುವಿಹಾಕಿದವು. 1919ರಲ್ಲಿ ನಿಲ್ ಊರಿನಲ್ಲಿ ನೋಸ್ಕೆ ಎಂಬವರ ಗಿರಣಿಗಾಗಿ ಒಂದು ಭಾರಿ ಕಾಂಕ್ರೀಟು ಕಣಜ ಎದ್ದಿತು. ಒಂದೇ ಕೊಠಡಿಯ ಕಣಜಗಳಲ್ಲಿ ಭೂಮಿಯ ದಕ್ಷಿಣಾರ್ಧದಲ್ಲೇ ಅದು ದೊಡ್ಡದೆಂಬ ಖ್ಯಾತಿಯುಂಟು. ಎರಡನೆಯ ಮಹಾಯುದ್ಧದ ಕಾಲಕ್ಕೆ ವಿಕ್ಟೋರಿಯದಲ್ಲೆಲ್ಲ ಗೋಧಿಯನ್ನು ಚೀಲಗಳಲ್ಲಿ ತುಂಬದೆ ರಾಶಿಯಾಗಿಯೇ ಸಾಗಿಸುವ ಪದ್ಧತಿ ಬಂದಿತು. ಚೀಲ ಹೊಲಿಯುವವರೂ ಚೀಲ ಹೊರುವ ಹಮಾಲರೂ ಬೇಡವಾದರು. ಟ್ರ್ಯಾಕ್ಟರು ಬಂದು ಕುದುರೆ ಬೇಡವಾಯಿತು. ಕುದುರೆಯೊಡನೆ ಕಮ್ಮಾರನೂ ಜೀನುಗಾರನೂ ಹೊರಟರು. 1968ರಲ್ಲಿ ನಿಲ್ ಜನ ಊರಿನ ನಡುವೆ ಭಾರ ಎಳೆಯುವ ಕುದುರೆಗಳಿಗೆ ಒಂದು ಸ್ಮಾರಕವನ್ನು ನಿಲ್ಲಿಸಿದರು. ನೆಲವನ್ನು ಹಸನು ಮಾಡಿಕೊಟ್ಟ ಮೂಕಪ್ರಾಣಿಗೆ ಕೃತಜ್ಞತೆ ಸಲ್ಲಿಸಿದ ಆ ಮನಸ್ಸು ದೊಡ್ಡದು. ಆದರೆ ಆ ಕುದುರೆಯ ಹಿಂದೆ ನಡೆದು ಊರನ್ನು ಬಿಟ್ಟವರ ಸಂಖ್ಯೆಗೂ ಅದು ಸ್ಮಾರಕವೇ ಎಂದು ನನಗನ್ನಿಸುತ್ತದೆ.

ಯಂತ್ರವಿದ್ದವನು ಹೆಚ್ಚು ನೆಲವನ್ನು ಉಳಬಲ್ಲ. ಯಂತ್ರದ ಸಾಲ ತೀರಿಸಲು ಅವನು ಹೆಚ್ಚು ನೆಲವನ್ನು ಉಳಲೇಬೇಕು. ಹೀಗೆ ಒಂದು ಹೊಲ ಇನ್ನೊಂದನ್ನು ನುಂಗುತ್ತ ಬಂದಿತು. ಇಂದು ಗೋಧಿ ಬೆಳೆಯುವ ಒಂದು ಸಂಸಾರ ಹಲವು ಸಾವಿರ ಎಕರೆಗಳನ್ನು ನೋಡಿಕೊಳ್ಳುವುದು ಸಾಮಾನ್ಯ. 3,200 ಎಕರೆ ಎಂದೇ ಇಟ್ಟುಕೊಂಡರೂ ಹಿಂದೆ ಹತ್ತು ಮನೆಗಳಿದ್ದ ಕಡೆ ಈಗ ಒಂದು ಮನೆ. ಬೆಳೆ ಕಡಿಮೆಯಾಗಿಲ್ಲ, ಹೆಚ್ಚಿದೆ. ಉಣ್ಣುವ ಬಾಯಿಗಳು, ಅಂಗಡಿಗೆ ಹೋಗುವ ಕಾಲುಗಳು, ಶಾಲೆಗೆ ಹೋಗುವ ಮಕ್ಕಳು ಹತ್ತರಲ್ಲೊಂದು ಪಾಲಾಗಿದ್ದಾರೆ. ಕೊಳ್ಳುವವನಿಗೆ ಬೇಕಾದದ್ದು ನೆಲ, ಮನೆಯಲ್ಲ. ಆ ಒಂಬತ್ತು ಮನೆಗಳ ಬಾಗಿಲು ಮುಚ್ಚಿತು. ಹಲಗೆಯ ಗೋಡೆ, ತಗಡಿನ ಸೂರು, ಮಳೆನೀರಿನ ತೊಟ್ಟಿ. ಮೊದಲು ಸೂರು ಹಾರಿತು, ಆಮೇಲೆ ಗೋಡೆ ಬಿದ್ದಿತು. ಕೆಲವು ಮನೆಗಳನ್ನು ಇಡಿಯಾಗಿ ಲಾರಿಯ ಮೇಲೆ ಹೇರಿಕೊಂಡು ಬೇರೆಡೆಗೆ ಸಾಗಿಸುವ ರೂಢಿಯೂ ಆ ದೇಶದಲ್ಲುಂಟು. ಕಡೆಗೆ ಹೊಲದ ನಡುವೆ ಒಂದು ಹೊಗೆಗೂಡು ಮಾತ್ರ ನಿಂತಿರುತ್ತದೆ. ಮನೆ ಮಾಡಿದವನಿಗೇ ನೆಲ ಎಂದ ಕಾಯಿದೆಗೆ ಆ ಹೊಗೆಗೂಡೇ ಸಾಕ್ಷಿ.

ಹೊಲದ ಮನೆಗಳು ಹೋದ ಮೇಲೆ ಊರಿನ ಸರದಿ. ಮೋಟಾರು ಕಾರು ಬಂದ ಮೇಲೆ ಕುದುರೆಯ ಒಂದು ದಿನದ ನಡಿಗೆ ಒಂದು ಗಳಿಗೆಯ ಓಟವಾಯಿತು. ನಿಲ್‌ನಿಂದ 75 ಕಿಲೋಮೀಟರು ದೂರದ ಹಾರ್ಷಮ್ ಪಟ್ಟಣದಲ್ಲಿ ದೊಡ್ಡ ಅಂಗಡಿಗಳಿವೆ, ತಜ್ಞ ವೈದ್ಯರಿದ್ದಾರೆ. ಜನ ಅಲ್ಲಿಗೇ ಹೋದರು. ಸಣ್ಣ ಊರುಗಳ ಸತ್ವವನ್ನು ನಡುವಣ ಊರು ಹೀರಿತು, ಅದರದನ್ನು ರಾಜಧಾನಿ ಹೀರಿತು. ಇಂದು ಆಸ್ಟ್ರೇಲಿಯದ ಜನರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ನಗರವಾಸಿಗಳು.

ಊರಿನ ಪ್ರತಿಯೊಂದು ಸೌಕರ್ಯಕ್ಕೂ ಕನಿಷ್ಠ ಜನಸಂಖ್ಯೆಯ ಒಂದು ಹೊಸ್ತಿಲಿದೆ. ಇಷ್ಟು ಮಕ್ಕಳಿಲ್ಲದಿದ್ದರೆ ಇನ್ನೊಬ್ಬ ಉಪಾಧ್ಯಾಯನಿಲ್ಲ. ಇಷ್ಟು ಗಿರಾಕಿಗಳಿಲ್ಲದಿದ್ದರೆ ಬ್ಯಾಂಕಿನ ಶಾಖೆಯಿಲ್ಲ. ಇಷ್ಟು ರೋಗಿಗಳಿಲ್ಲದಿದ್ದರೆ ವೈದ್ಯನಿಲ್ಲ. ಊರು ನಿಧಾನವಾಗಿ ಒಬ್ಬೊಬ್ಬರನ್ನೇ ಕಳೆದುಕೊಳ್ಳುತ್ತದೆ. ಸೌಕರ್ಯಗಳು ಹಾಗಲ್ಲ, ಹೊಸ್ತಿಲು ತಪ್ಪಿದ ದಿನ ಥಟ್ಟನೆ ಹೋಗುತ್ತವೆ. ಶಾಲೆ ಮುಚ್ಚಿದರೆ ಮಕ್ಕಳಿರುವ ಸಂಸಾರ ಬರುವುದಿಲ್ಲ. ಸಂಸಾರ ಬಾರದಿದ್ದರೆ ಅಂಗಡಿ ಮುಚ್ಚುತ್ತದೆ. 1990ರ ದಶಕದಲ್ಲಿ ವಿಕ್ಟೋರಿಯ ಸರ್ಕಾರ ರಾಜ್ಯದ 210 ಸ್ಥಳೀಯ ಆಡಳಿತ ಮಂಡಲಿಗಳನ್ನು ಕೂಡಿಸಿ 78ಕ್ಕೆ ಇಳಿಸಿತು. ನಿಲ್ ಮುಖ್ಯಸ್ಥಳವಾಗಿದ್ದ ಲೋವನ್ ವಿಭಾಗ 1995ರಲ್ಲಿ ಹೆಸರು ಕಳೆದುಕೊಂಡು ಹಿಂಡ್‌ಮಾರ್ಷ್ ವಿಭಾಗದಲ್ಲಿ ಸೇರಿತು. ನಿಲ್ ಊರಿನ ಅದೃಷ್ಟ, ಕಚೇರಿ ಅಲ್ಲೇ ಉಳಿಯಿತು. ಪಶ್ಚಿಮ ವಿಮ್ಮೆರದ ಆಸ್ಪತ್ರೆಗಳ ಆಡಳಿತವೂ ಅಲ್ಲೇ ನೆಲೆಸಿತು. ಕಚೇರಿ ಕಳೆದುಕೊಂಡ ಊರುಗಳ ಪಾಡು ಬೇರೆಯೇ ಆಯಿತು.

ಈ ಹೊಸ್ತಿಲಿನ ಭಯ ಎಷ್ಟಿತ್ತೆಂಬುದಕ್ಕೆ ಪಕ್ಕದ ನ್ಯೂ ಸೌತ್ ವೇಲ್ಸ್ ರಾಜ್ಯದ ಕಮ್ನಾಕ್ ಎಂಬ ಹಳ್ಳಿಯ ಉದಾಹರಣೆ ಸಾಕು. ಶಾಲೆ ಬಡವಾಗುತ್ತಿರುವುದನ್ನು ಕಂಡ ಅಲ್ಲಿಯ ಜನ 2008ರಲ್ಲಿ ಒಂದು ಉಪಾಯ ಹೂಡಿದರು. ಪಾಳುಬಿದ್ದ ಒಕ್ಕಲುಮನೆಗಳನ್ನು ವಾರಕ್ಕೆ ಒಂದೇ ಡಾಲರು ಬಾಡಿಗೆಗೆ ಕೊಡುತ್ತೇವೆ, ಮಕ್ಕಳಿರುವ ಸಂಸಾರಗಳು ಬನ್ನಿ, ಮನೆಯನ್ನು ರಿಪೇರಿ ಮಾಡಿಕೊಂಡು ಇರಿ ಎಂದು ಸಾರಿದರು. ಅವರು ಬೇಡಿದ್ದು ಬಾಡಿಗೆಯನ್ನಲ್ಲ, ಶಾಲೆಯ ಹಾಜರಿ ಪುಸ್ತಕಕ್ಕೆ ಕೆಲವು ಹೆಸರುಗಳನ್ನು.

ನೀರಿನ ವಿಷಯದಲ್ಲಿ ಮಾತ್ರ ವಿಮ್ಮೆರದ ಕಥೆ ಗೆಲುವಿನ ಕಥೆ. ದಕ್ಷಿಣದ ಗ್ರಾಂಪಿಯನ್ ಬೆಟ್ಟಗಳ ಜಲಾಶಯಗಳಿಂದ ಹೊಲಹೊಲದ ಕಟ್ಟೆಗೆ ನೀರು ಹರಿಸಲು ಹಿಂದಿನವರು ಸುಮಾರು 17,500 ಕಿಲೋಮೀಟರು ಉದ್ದದ ಮಣ್ಣಿನ ಕಾಲುವೆಗಳನ್ನು ತೋಡಿದ್ದರು. ಆದರೆ ಬಿಟ್ಟ ನೀರಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ದಾರಿಯಲ್ಲೇ ಇಂಗಿ, ಆವಿಯಾಗಿ ಹೋಗುತ್ತಿತ್ತು. 1983ರ ಫೆಬ್ರವರಿಯಲ್ಲಿ ಈ ಒಣನಾಡಿನ ಮಣ್ಣು ಗಾಳಿಗೆದ್ದು ಮೆಲ್ಬೋರ್ನ್ ನಗರವನ್ನೇ ಹಾಡುಹಗಲಲ್ಲಿ ಕತ್ತಲೆಗೆ ತಳ್ಳಿತು. ಆಮೇಲೆ 1997ರಿಂದ ಹನ್ನೆರಡು ವರ್ಷಗಳಷ್ಟು ದೀರ್ಘವಾದ ಬರ. ಆ ಬರ ಕಲಿಸಿದ ಪಾಠದಿಂದ ಕಾಲುವೆಗಳನ್ನು ಮುಚ್ಚಿ ನೆಲದೊಳಗೆ ಸುಮಾರು 8,800 ಕಿಲೋಮೀಟರು ಕೊಳವೆ ಹೂಳಿದರು. 2010ರಲ್ಲಿ ಕೆಲಸ ಮುಗಿಯಿತು. ಇದರಿಂದ ವರ್ಷಕ್ಕೆ ಉಳಿಯುವ ನೀರು 10,300 ಕೋಟಿ ಲೀಟರು. ಕಟ್ಟೆಗಳು ಬತ್ತಿದವು, ಕಾಲುವೆಯಂಚಿನ ಹಕ್ಕಿಗಳೂ ಕಪ್ಪೆಗಳೂ ನೆಲೆ ಕಳೆದುಕೊಂಡವು ಎಂಬ ಕೊರಗು ಇಲ್ಲದಿಲ್ಲ. ಆದರೆ ಬರದಲ್ಲೂ ನಲ್ಲಿಯಲ್ಲಿ ನೀರು ಬರುತ್ತದೆ ಎಂಬ ಭರವಸೆಯಿಲ್ಲದೆ ಯಾವ ಊರು ಬೆಳೆದೀತು? ಈ ಒಂದು ಕೆಲಸದಲ್ಲಿ ತಲೆ ಎಣಿಸಿ ಲೆಕ್ಕ ಕೇಳುವ ಪದ್ಧತಿಯನ್ನು ಸರ್ಕಾರ ಬದಿಗಿಟ್ಟಿತು. ಬದಿಗಿಟ್ಟದ್ದರಿಂದಲೇ ಅದು ಆಯಿತು.

ಈಗ ಮನೆಯ ಪ್ರಶ್ನೆಗೆ ಬರೋಣ. ಜನ ಬಿಟ್ಟುಹೋದ ಊರಿನಲ್ಲಿ ಮನೆಗಳು ಬೇಕಾದಷ್ಟಿರಬೇಕಲ್ಲವೆ? ಎಣಿಸಿದರೆ ಇವೆ. ಆದರೆ ಖಾಲಿ ಮನೆ ಬೇರೆ, ಸಿಕ್ಕುವ ಮನೆ ಬೇರೆ. ಹೊಲದ ನಡುವಿನ ಮನೆ ಬೇಸಾಯಗಾರನ ಆಸ್ತಿಯ ಒಂದು ಮೂಲೆ. ಅದನ್ನು ಬೇರೆಮಾಡಿ ಮಾರಲು ಅವನಿಗೆ ಮನಸ್ಸಿಲ್ಲ. ಊರೊಳಗಿನ ಮನೆ ಸತ್ತುಹೋದ ಮುದುಕಿಯ ಮಕ್ಕಳದು. ಅವರು ನಗರದಲ್ಲಿದ್ದಾರೆ, ಯಾವಾಗಲಾದರೂ ಬರುತ್ತಾರೆ. ಇನ್ನೊಂದು ಮನೆಯ ಕೆಳಗಿನ ಮರದ ಕಂಬಗಳು ಕೊಳೆತಿವೆ; ರಿಪೇರಿಯ ಖರ್ಚು ಮನೆಯ ಬೆಲೆಯನ್ನು ಮೀರುತ್ತದೆ. ಇನ್ನು, ಹಿಂದೆ ಸಂಸಾರಕ್ಕೆ ಏಳೆಂಟು ಜನ ಇರುತ್ತಿದ್ದ ಮನೆಯಲ್ಲಿ ಇಂದು ಒಬ್ಬಳೇ ವಿಧವೆ ಇರುತ್ತಾಳೆ. ಜನ ಅರ್ಧವಾದರೆ ಬೇಕಾದ ಮನೆಗಳೂ ಅರ್ಧವಾಗುತ್ತವೆಂದು ತಿಳಿಯುವುದು ಇದರಿಂದಲೇ ತಪ್ಪು.

ಹೊಸ ಮನೆ ಕಟ್ಟಬಾರದೇ ಎಂದರೆ ಅಲ್ಲೊಂದು ಬಿಡಿಸಲಾಗದ ಗಂಟು ಇದೆ. ಇಟ್ಟಿಗೆ, ಮರ, ಕಬ್ಬಿಣ, ಕುಶಲಕರ್ಮಿ ಎಲ್ಲವೂ ದೂರದಿಂದ ಬರಬೇಕು; ಆದ್ದರಿಂದ ಕಟ್ಟುವ ವೆಚ್ಚ ನಗರಕ್ಕಿಂತ ಕಡಿಮೆಯಾಗುವುದಿಲ್ಲ. ಆದರೆ ಕಟ್ಟಿ ಮುಗಿದ ಮನೆಯ ಬೆಲೆಯನ್ನು ಊರಿನ ಹಳೆಯ ಮನೆಗಳ ಬೆಲೆ ನಿರ್ಧರಿಸುತ್ತದೆ. ಬೀಗದ ಕೈ ತೆಗೆದುಕೊಂಡ ದಿನವೇ ಮನೆ ತನ್ನ ವೆಚ್ಚಕ್ಕಿಂತ ಕಡಿಮೆ ಬೆಲೆಯದಾಗುತ್ತದೆ. ಇದನ್ನು ಬಲ್ಲ ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ. ಇದನ್ನು ಬಲ್ಲ ಹಣವಂತನು ಬಾಡಿಗೆಗೆಂದು ಮನೆ ಕಟ್ಟಿಸುವುದಿಲ್ಲ. ಹೀಗೆ ಮನೆ ಅಗ್ಗವಾಗಿರುವುದರಿಂದಲೇ ಮನೆ ಸಿಕ್ಕುವುದಿಲ್ಲ. ಆಸ್ಟ್ರೇಲಿಯದ ಒಳನಾಡಿನ ಊರುಗಳ ಇಂದಿನ ಕಷ್ಟವನ್ನು ಒಂದೇ ಮಾತಿನಲ್ಲಿ ಹೇಳಬೇಕಾದರೆ ಇದೇ ಆ ಮಾತು.

ಈ ಗಂಟು ಎಷ್ಟು ಬಿಗಿಯೆಂಬುದು ನಿಲ್ ಊರಿನಲ್ಲಿ ಸ್ಪಷ್ಟವಾಗಿ ಕಂಡಿತು. ಅಲ್ಲಿ ಬಾತುಕೋಳಿಯ ಮಾಂಸವನ್ನು ಸಿದ್ಧಪಡಿಸುವ ‘ಲವ್-ಎ-ಡಕ್’ ಎಂಬ ಕಾರ್ಖಾನೆ ಇದೆ. ವ್ಯಾಪಾರ ಬೆಳೆಯುತ್ತಿತ್ತು, ಕೆಲಸಕ್ಕೆ ಕೈಗಳಿರಲಿಲ್ಲ. ಊರಿನ ಯುವಕರು ನಗರಕ್ಕೆ ಹೋಗಿದ್ದರು, ಉಳಿದವರು ವಯಸ್ಸಾದವರು. ಆಗ ಕಾರ್ಖಾನೆಯ ಮುಖ್ಯಾಧಿಕಾರಿಯಾಗಿದ್ದ ಜಾನ್ ಮಿಲಿಂಗ್ಟನ್ ಅವರಿಗೆ ಮೆಲ್ಬೋರ್ನಿನ ಹೊರವಲಯದ ವೆರಿಬಿಯಲ್ಲಿದ್ದ ಕರೆನ್ ನಿರಾಶ್ರಿತರ ವಿಷಯ ತಿಳಿಯಿತು. ಕರೆನ್ನರು ಬರ್ಮಾ ದೇಶದ ಬೆಟ್ಟಗಾಡಿನ ಜನ. 1949ರಲ್ಲಿ ಆರಂಭವಾದ ಅಂತರ್ಯುದ್ಧದಿಂದ ಮನೆ ಮಠ ಕಳೆದುಕೊಂಡು, ಥಾಯ್ಲೆಂಡ್ ಗಡಿಯ ಶಿಬಿರಗಳಲ್ಲಿ ವರ್ಷಾನುಗಟ್ಟಲೆ ದಿನ ತಳ್ಳಿ, ಆಸ್ಟ್ರೇಲಿಯ ಸೇರಿದ್ದರು. ಅವರು ಹಳ್ಳಿಯವರು, ನಗರ ಅವರಿಗೆ ಒಗ್ಗಿರಲಿಲ್ಲ. ಕೈಗಳಿಲ್ಲದ ಊರು, ಊರಿಲ್ಲದ ಕೈಗಳು. ಎರಡೂ 2010ರ ಸುಮಾರಿಗೆ ಸಂಧಿಸಿದವು.

ಕಾರ್ಖಾನೆಯಲ್ಲಿ ಕೆಲಸ ಕೊಟ್ಟೆವು, ಬನ್ನಿ ಎಂದಷ್ಟೇ ಹೇಳಿ ಅವರು ಸುಮ್ಮನಾಗಲಿಲ್ಲ. ಮಿಲಿಂಗ್ಟನ್ ಅವರೂ ಪತ್ನಿ ಮಾರ್ಗರೆಟ್ ಅವರೂ ಮೊದಲು ಊರಿನವರೊಡನೆ ಮಾತಾಡಿದರು. ಬರುವವರು ಯಾರು, ಏಕೆ ಬರುತ್ತಿದ್ದಾರೆಂದು ತಿಳಿಸಿದರು. ಮೊದಲು ನಾಲ್ಕೈದು ಮಂದಿ ಬಂದರು. ಅವರು ನೆಲೆಯೂರಿದ ಮೇಲೆ ಬಂಧುಗಳು ಬಂದರು. ಊರಿನ ಕಲಿಕಾ ಕೇಂದ್ರ ಭಾಷೆ ಕಲಿಸಿತು. ಕರೆನ್ ಹೆಂಗಸರ ನೇಯ್ಗೆ ಹೊಲಿಗೆಗಳಿಗಾಗಿ ಒಂದು ಅಂಗಡಿಯೂ ಎದ್ದಿತು. ಐದು ವರ್ಷಗಳಲ್ಲಿ ಅವರ ಸಂಖ್ಯೆ ಇನ್ನೂರರ ಹತ್ತಿರ ಬಂದು, ಊರಿನ ಜನಸಂಖ್ಯೆಯ ಹತ್ತರಲ್ಲೊಂದು ಪಾಲಾಯಿತು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅವರ ಬರವಿನಿಂದ ಆ ಪ್ರದೇಶದ ಉತ್ಪನ್ನಕ್ಕೆ ಸೇರಿದ್ದು 4.15 ಕೋಟಿ ಡಾಲರು ಎಂದೂ, ಹುಟ್ಟಿದ ಪೂರ್ಣಾವಧಿ ಕೆಲಸಗಳು ಸುಮಾರು ಎಪ್ಪತ್ತು ಎಂದೂ ಲೆಕ್ಕ ಹಾಕಿತು. ಶಾಲೆಗೆ ಮಕ್ಕಳು ಬಂದರು, ಅಂಗಡಿಗೆ ಗಿರಾಕಿಗಳು ಬಂದರು, ಹೊಸ್ತಿಲುಗಳು ಉಳಿದವು.

ಕೆಲಸವಿತ್ತು, ಬರುವವರಿದ್ದರು, ಊರಿನವರ ಮನಸ್ಸೂ ಇತ್ತು. ಕೊರತೆಯಾದದ್ದು ಮನೆ. ಮೊದಮೊದಲು ಮನೆಯ ಒಡೆಯರನ್ನು ಒಬ್ಬೊಬ್ಬರಾಗಿ ಕಂಡು, ಒಪ್ಪಿಸಿ, ಬಾಡಿಗೆಗೆ ಕೊಡಿಸಬೇಕಾಯಿತು. ಆಮೇಲೆ ಕೆಲವು ಕರೆನ್ ಸಂಸಾರಗಳು ದುಡಿದ ಹಣದಲ್ಲಿ ಮನೆ ಕೊಂಡವು. ಇನ್ನೂ ಬರಬೇಕೆಂದವರಿಗೆ ಮಾತ್ರ ಊರಿನಲ್ಲಿ ಸೂರು ಸಾಲಲಿಲ್ಲ. ದಶಕಗಳ ಕಾಲ ಜನರನ್ನು ಕಳೆದುಕೊಂಡ ಊರು, ಜನ ಬರುತ್ತೇವೆಂದಾಗ ಜಾಗವಿಲ್ಲವೆನ್ನಬೇಕಾಯಿತು! 2020ರ ಸಾಂಕ್ರಾಮಿಕದ ಕಾಲದಲ್ಲಿ ನಗರವಾಸಿಗಳು ಒಳನಾಡಿನತ್ತ ಮುಖ ಮಾಡಿದಾಗ ರಾಜ್ಯದ ಹಳ್ಳಿಪಟ್ಟಣಗಳಲ್ಲೆಲ್ಲ ಈ ಬಿಕ್ಕಟ್ಟು ಇನ್ನಷ್ಟು ಬಿಗಿಯಾಯಿತು. ದಾದಿಯರು, ಉಪಾಧ್ಯಾಯರು, ಕಾರ್ಖಾನೆಯ ಕೆಲಸಗಾರರು ಇವರಿಗೆ ಮನೆ ಕಟ್ಟಿಸಲೆಂದೇ ವಿಕ್ಟೋರಿಯ ಸರ್ಕಾರ ಪ್ರತ್ಯೇಕ ನಿಧಿಯೊಂದನ್ನು ತೆಗೆದಿಡಬೇಕಾಯಿತು. ಮಾರುಕಟ್ಟೆ ಬಿಚ್ಚಲಾರದ ಗಂಟನ್ನು ಸಮಾಜ ಬಿಚ್ಚಬೇಕೆಂಬ ಅರಿವು ಬಂದದ್ದು ತಡವಾಗಿ. ಬಂದದ್ದು ಒಳ್ಳೆಯದೇ.

ಈ ಕಥೆಯಿಂದ ನಾವು ತಿಳಿಯಬೇಕಾದುದೇನು? ಊರು ಬರಿದಾಗುವುದು ವಿಧಿಯಲ್ಲ, ಯಾರೊಬ್ಬರ ದುಷ್ಟತನವೂ ಅಲ್ಲ. ಯಂತ್ರ ಕೊಂಡ ರೈತ, ನಗರಕ್ಕೆ ಹೋದ ಮಗ, ದೂರದ ಅಂಗಡಿಗೆ ಕಾರು ಓಡಿಸಿದ ಗೃಹಿಣಿ, ಸಾಲ ನಿರಾಕರಿಸಿದ ಬ್ಯಾಂಕು ಇವರಲ್ಲಿ ಒಬ್ಬೊಬ್ಬರ ಲೆಕ್ಕವೂ ಸರಿಯೇ. ಸರಿಯಾದ ಸಣ್ಣ ಲೆಕ್ಕಗಳೆಲ್ಲ ಕೂಡಿ ಒಂದು ದೊಡ್ಡ ತಪ್ಪು ಲೆಕ್ಕವಾಯಿತು. 1869ರಲ್ಲಿ ರಾಜ್ಯ ಮನೆ ಮಾಡಿದವನಿಗೆ ನೆಲ ಕೊಟ್ಟಿತು. ನಡುವಣ ನೂರು ವರ್ಷ ಮನೆಯ ಚಿಂತೆ ಬಿಟ್ಟು ನೆಲದ ಇಳುವರಿಯನ್ನಷ್ಟೇ ಎಣಿಸಿತು. ಈಗ ಮತ್ತೆ ಮನೆಯಿಂದಲೇ ತೊಡಗಬೇಕಾಗಿದೆ. ಊರು ನಿಲ್ಲುವುದು ಗೋಧಿಯ ಮೇಲಲ್ಲ, ಒಲೆಗಳ ಮೇಲೆ.

ಇನ್ನೊಂದು ಮಾತು. ಏಷ್ಯದವರು ಬಂದರೆ ನಾಡು ಕೆಟ್ಟೀತೆಂದು 1901ರಲ್ಲಿ ಬಾಗಿಲು ಹಾಕಿಕೊಂಡ ದೇಶದ ಒಂದು ಮೂಲೆಯ ಊರಿನಲ್ಲಿ, ನೂರು ಚಿಲ್ಲರೆ ವರ್ಷಗಳ ಮೇಲೆ, ಏಷ್ಯದ ನಿರಾಶ್ರಿತರು ಬಂದು ಒಲೆ ಹಚ್ಚಿದರು. ನಿರಾಶ್ರಿತರೆಂದರೆ ನಾವು ಆಶ್ರಯ ಕೊಟ್ಟವರು ಎಂದು ತಿಳಿಯುವುದು ವಾಡಿಕೆ. ನಿಲ್ ಊರಿನಲ್ಲಿ ಯಾರು ಯಾರಿಗೆ ಆಶ್ರಯ ಕೊಟ್ಟರೆಂದು ನಿರ್ಣಯಿಸುವುದು ಸುಲಭವಲ್ಲ. ಆ ಊರಿನ ಹೆಸರು ಕನ್ನಡದ ಕಿವಿಗೆ ಹೇಳುವ ಮಾತನ್ನು ಆ ಊರಿನವರು ಬರ್ಮಾದಿಂದ ಬಂದವರಿಗೆ ಹೇಳಿದರು. ಬಂದವರೂ ಊರಿಗೆ ಅದನ್ನೇ ಹೇಳಿದರು.